ಜವರಪ್ಪ (ಮನುಷ್ಯ)

ಜವರಪ್ಪನವರ ಬಗ್ಗೆ ಲೇಖನ ಬರೆಯಲು ಕೂತಾಗ ನನಗೆ ಮೊದಲು ಅಡ್ಡ ಬಂದದ್ದು ಆನೆ. ಕಾಡಿನಲ್ಲಲ್ಲ, ಕಂಪ್ಯೂಟರಿನಲ್ಲಿ. ಅಂತರಜಾಲದ ನಮ್ಮ ಕನ್ನಡ ವಿಶ್ವಕೋಶದಲ್ಲಿ ‘ಜವರಪ್ಪ’ ಎಂದು ಹುಡುಕಿದರೆ ಉದ್ದ ದಂತದ ಒಂಟಿ ಸಲಗವೊಂದರ ಫೋಟೊ ಬರುತ್ತದೆ. ಅದು ಎಲ್ಲೆಲ್ಲಿ ಓಡಾಡಿತು, ಏನೇನು ತಿಂದಿತು, ಕೊನೆಗೆ ಅದನ್ನು ಹಿಡಿದು ಯಾವ ದೂರದ ಕಾಡಿಗೆ ಬಿಟ್ಟು ಬಂದರು, ಎಲ್ಲವೂ ಇದೆ. ಕೆಳಗೆಲ್ಲೋ ಒಂದು ಸಾಲು: ‘ಲೇಖಕಿ ಸುಚಿತ್ರಾ ಅವರ ತಂದೆಯ ಹೆಸರನ್ನೇ ಊರಿನವರು ಈ ಆನೆಗೆ ಇಟ್ಟರೆಂದು ಹೇಳಲಾಗುತ್ತದೆ.’ ಹೇಳಲಾಗುತ್ತದಂತೆ! ಮಗ್ಗೆ ಹತ್ತಿರದ ಹಳ್ಳಿಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡಿಕೊಂಡು ಇವತ್ತಿಗೂ ಓಡಾಡಿಕೊಂಡಿರುವ ಮನುಷ್ಯ ಅವರು. ನನಗೆ ಮೈಯೆಲ್ಲ ಉರಿಯಿತು.

ನಾನು ಪಂಕಜಾಕ್ಷಿ, ಸಕಲೇಶಪುರದವಳು. ಗ್ರಂಥಾಲಯದ ಕೆಲಸದಿಂದ ನಿವೃತ್ತಳಾದ ಮೇಲೆ ನನ್ನ ಓರಗೆಯವರೆಲ್ಲ ಕಾಶಿ, ರಾಮೇಶ್ವರ ಎಂದು ಹೊರಟರು. ನಾನು ಈ ವಿಶ್ವಕೋಶಕ್ಕೆ ಪುಕ್ಕಟೆ ಬರೆಯತೊಡಗಿದೆ. ಬರೆದದ್ದಕ್ಕಿಂತ ಜಗಳವಾಡಿದ್ದೇ ಹೆಚ್ಚು ಅನ್ನಿ. ಹೇಮಾವತಿ ನದಿಯನ್ನು ಪಶ್ಚಿಮಕ್ಕೆ ಹರಿಸಿದವರನ್ನು, ಯಸಳೂರನ್ನು ಬೆಟ್ಟ ಎಂದು ಬರೆದವರನ್ನು ಚರ್ಚಾಪುಟದಲ್ಲಿ ಸರಿಯಾಗಿ ಜಾಡಿಸಿದ್ದೇನೆ. ಸುಳ್ಳು ಬರೆಯುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಸುಚಿತ್ರಾ ನನ್ನ ಗ್ರಂಥಾಲಯದಲ್ಲೇ ಓದಿ ಓದಿ ಬರೆಯಲು ಕಲಿತವಳು. ಯಸಳೂರಿನ ಅಜ್ಜಿಮನೆಯಲ್ಲಿ ಬೆಳೆದು, ಸಕಲೇಶಪುರದಲ್ಲಿ ಓದಿ, ಇಲ್ಲೇ ಒಂದು ಸಹಕಾರ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ. ಅಪ್ಪನ ಮೇಲೆ ಅವಳು ಬರೆದ ಲಲಿತ ಪ್ರಬಂಧ ಪದವಿ ತರಗತಿಗೆ ಪಠ್ಯವಾಯಿತು. ಅದನ್ನು ಓದಿದ ಮಕ್ಕಳು ಜವರಪ್ಪ ಯಾರೆಂದು ಹುಡುಕುತ್ತಾರೆ. ಹುಡುಕಿದರೆ ಆನೆ ಸಿಗುತ್ತದೆ. ಇದಕ್ಕಿಂತ ಅನ್ಯಾಯ ಉಂಟೆ?

ಆ ಪ್ರಬಂಧ ಓದಿ ನಗದವರಿಲ್ಲ. ಅದರಲ್ಲಿ ಜವರಪ್ಪನವರು ಸ್ಪ್ಯಾನರುಗಳ ಚೀಲ ಹೆಗಲಿಗೆ ಹಾಕಿಕೊಂಡು ಮಗ್ಗೆ ಸುತ್ತಿನ ಗದ್ದೆ ತೋಟಗಳಿಗೆಲ್ಲ ಹೋಗುತ್ತಾರೆ. ಎಷ್ಟು ಕರೆದರೂ ಯಾರ ಮನೆಯ ಹೊಸಿಲೂ ದಾಟುವುದಿಲ್ಲ. ಕೆಲಸ ಮುಗಿದ ಮೇಲೆ ಜಗಲಿಯಲ್ಲಿ ಕೂತು, ಮನೆಯವರನ್ನು ಕರೆದು, ಚೀಲವನ್ನು ಅವರ ಮುಂದೆ ಬೋರಲು ಹಾಕಿ ಕೊಡವುತ್ತಾರೆ. ಸ್ಪ್ಯಾನರು, ವಾಷರು, ಹಳೇ ಬಟ್ಟೆ, ಎಲ್ಲ ನೆಲಕ್ಕೆ ಬೀಳುತ್ತವೆ. ‘ನೋಡ್ಕಳಿ’ ಎಂದು ಹೇಳಿ, ಮತ್ತೆ ತುಂಬಿಕೊಂಡು ಹೊರಡುತ್ತಾರೆ. ಬಾಳೆಗೊನೆ ಕೊಟ್ಟರೆ ಒಯ್ಯುವುದಿಲ್ಲ. ಹಲಸಿನ ಹಣ್ಣಂತೂ ಮುಟ್ಟುವುದೇ ಇಲ್ಲ, ವಾಸನೆ ಬಂದರೆ ಎದ್ದು ಹೋಗುತ್ತಾರೆ. ‘ನನ್ನಪ್ಪ ಪ್ರಾಮಾಣಿಕ ಹೌದು, ಆದರೆ ಅದಕ್ಕೆ ಪ್ರೇಕ್ಷಕರು ಬೇಕು’ ಎಂದು ಮಗಳು ಅಲ್ಲಿ ಕಾಲೆಳೆದಿದ್ದಾಳೆ.

ಆಮೇಲೆ ಆನೆ ಬರುತ್ತದೆ. ಸಂಜೆ ಹೊತ್ತು ಒಂದೇ ಬರುವುದು, ಹಿತ್ತಲಿನ ಮರದಿಂದ ಹಲಸು ಕಿತ್ತುಕೊಳ್ಳುವುದು, ಒಂದು ಕಾಫಿ ಗಿಡವನ್ನೂ ತುಳಿಯದೆ ತನ್ನ ಪಾಡಿಗೆ ಹೋಗುವುದು. ಅದಕ್ಕೆ ಜವರಪ್ಪ ಎಂದು ಹೆಸರಾಯಿತು. ಊರಿನ ವಾಟ್ಸಾಪ್ ಗುಂಪಿನಲ್ಲಿ ‘ಜವರಪ್ಪ ಮಗ್ಗೆ ಕಡೆ ಹೊರಟಿದ್ದಾನೆ, ಮಕ್ಕಳನ್ನು ಹೊರಗೆ ಬಿಡಬೇಡಿ’ ಎಂಬ ಎಚ್ಚರಿಕೆ ಬರುವುದು, ಅದು ಮಗ್ಗೆ ಕಡೆಗೇ ಹೊರಟ ಜವರಪ್ಪನವರ ಜೇಬಿನ ಫೋನಿಗೂ ಬರುವುದು. ಗಂಡನ ಹೆಸರು ಬಾಯಲ್ಲಿ ಹೇಳದ ಅವರ ಹೆಂಡತಿ ಇಂದ್ರಮ್ಮನವರು, ಆನೆ ಬೇಲಿ ಹತ್ತಿರ ನಿಂತಾಗ ಅಕ್ಕಪಕ್ಕದವರನ್ನು ಹೇಗೆ ಕೂಗಿ ಎಚ್ಚರಿಸುವುದೆಂದು ತಿಳಿಯದೆ ‘ಅವ್ರು ಬಂದವ್ರೆ, ಅವ್ರು ಬಂದವ್ರೆ’ ಎಂದು ಕೂಗುವುದು. ಪ್ರಬಂಧದ ಕೊನೆಯ ಸಾಲುಗಳು ಹೀಗಿವೆ: ‘ಯಾರ ಗೊಡವೆಗೂ ಹೋಗದ ಆನೆಗೆ, ಯಾರ ಗೊಡವೆಗೂ ಹೋಗದ ನನ್ನಪ್ಪನ ಹೆಸರಿಟ್ಟರು. ಊರಿನವರಿಂದ ಇಷ್ಟು ಪ್ರೀತಿ ಪಡೆದ ಇನ್ನೊಬ್ಬ ಅಪ್ಪನಿದ್ದರೆ ತೋರಿಸಿ.’

ನಾನು ಚರ್ಚಾಪುಟದಲ್ಲಿ ನನ್ನ ಬೇಡಿಕೆ ಇಟ್ಟೆ. ‘ಜವರಪ್ಪ’ ಎಂಬ ಶೀರ್ಷಿಕೆ ಮನುಷ್ಯನಿಗೆ ಸೇರಬೇಕು, ಆನೆಯ ಲೇಖನ ‘ಜವರಪ್ಪ (ಆನೆ)’ ಆಗಬೇಕು. ಮೈಸೂರಿನ ಸಂಪಾದಕರೊಬ್ಬರು ಒಪ್ಪಲಿಲ್ಲ. ಹೆಚ್ಚು ಜನ ಹುಡುಕುವುದು ಆನೆಯನ್ನು, ಆದ್ದರಿಂದ ಬರಿಯ ಹೆಸರು ಆನೆಯದು, ಮನುಷ್ಯನಿಗೆ ಬೇಕಾದರೆ ಆವರಣ ಚಿಹ್ನೆ ಹಾಕಿ ಎಂದರು. ‘ಜವರಪ್ಪ (ಸುಚಿತ್ರಾ ಅವರ ತಂದೆ)’ ಆಗಬಹುದು, ‘ಜವರಪ್ಪ (ಮನುಷ್ಯ)’ ಎಂದರೂ ಅಡ್ಡಿಯಿಲ್ಲ ಎಂದು ಉದಾರವಾಗಿ ಬರೆದರು. ಒಂದು ಆನೆಗೆ ಇಲ್ಲದ ವಿವರಣೆ ಒಬ್ಬ ಮನುಷ್ಯನಿಗೆ ಯಾಕೆ ಸ್ವಾಮಿ ಎಂದು ಕೇಳಿದೆ. ಮಗಳ ಹೆಸರು ಹಿಡಿದುಕೊಂಡೇ ಅವರು ಒಳಗೆ ಬರಬೇಕೆ ಎಂದೂ ಕೇಳಿದೆ. ಕೊನೆಗೆ ಅವರು ಒಂದು ಮಾತು ಹೇಳಿದರು: ಆನೆಗೆ ಈ ಮನುಷ್ಯನ ಹೆಸರನ್ನೇ ಇಟ್ಟದ್ದು, ಹೀಗಾಗಿ ಇಟ್ಟದ್ದು ಎಂದು ಮಗಳಲ್ಲದೆ ಊರಿನ ಇನ್ನೊಬ್ಬರು ಹೇಳಿದ್ದನ್ನು ರೆಕಾರ್ಡ್ ಮಾಡಿ ತನ್ನಿ, ಶೀರ್ಷಿಕೆ ಬದಲಿಸೋಣ.

ಅಷ್ಟೇ ತಾನೆ ಅಂದುಕೊಂಡೆ. ಆ ತಿಂಗಳೇ ಆಲೂರು ಕಡೆಯ ಕಾಲೇಜೊಂದು ಸುಚಿತ್ರಾಳನ್ನು ಪ್ರಬಂಧ ಓದಲು ಕರೆದಿತ್ತು. ಅಪ್ಪನನ್ನೂ ಕರೆತನ್ನಿ, ಶಾಲು ಹೊದಿಸುತ್ತೇವೆ ಎಂದಿದ್ದರು. ಆ ದಿನದೊಳಗೆ ಲೇಖನ ಸಿದ್ಧವಾಗಿ, ಪರದೆಯ ಮೇಲೆ ‘ಜವರಪ್ಪ’ ಎಂದು ಅವರ ಫೋಟೊ ಬೀಳಬೇಕೆಂಬುದು ನನ್ನ ಹಠ. ಸುಚಿತ್ರಾಳಿಗೂ ಖುಷಿಯಾಯಿತು. ಭಾನುವಾರ ಇಬ್ಬರೂ ಬಸ್ಸು ಹತ್ತಿದೆವು.

ನಾವು ಹೋದಾಗ ಜವರಪ್ಪನವರು ಯಾರದೋ ಬಾವಿಯ ಪಂಪ್ ನೋಡಲು ಹೋಗಿದ್ದರು. ಅವರು ಬರುವುದರೊಳಗೆ ನನ್ನ ಕೆಲಸ ಮುಗಿಸೋಣವೆಂದು ಪಕ್ಕದ ಮನೆಯ ಕರಿಯಪ್ಪನವರ ಜಗಲಿಗೆ ಹೋದೆ. ಸುಚಿತ್ರಾ ಜೊತೆಗೇ ಬಂದಳು. ಕರಿಯಪ್ಪನವರು ಹಳಬರು, ಊರಿನ ಎಲ್ಲ ಸಂಗತಿಗೂ ಸಾಕ್ಷಿ. ಫೋನು ಮುಂದೆ ಹಿಡಿದು, ಆನೆಗೆ ಜವರಪ್ಪ ಎಂದು ಹೆಸರು ಬಂದದ್ದು ಹೇಗೆ ಎಂದು ಕೇಳಿದೆ. ಅವರು ಸುಚಿತ್ರಾಳ ಮುಖ ನೋಡಿದರು, ಫೋನು ನೋಡಿದರು, ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದರು.

“ಪಿರೂತಿಗೆ ಇಟ್ಟಿದ್ದು ಅಂತ ಅವ್ಳೇ ಬರ್ದವ್ಳಲ್ಲ ಮೇಡಮ್ನೋರೇ. ಅದೇ ಇರ್ಲಿ ಬುಡಿ” ಎಂದರು.

ಒಳಗಿನಿಂದ ಸೊಸೆ ನಕ್ಕಿದ್ದು ಕೇಳಿಸಿತು. ಸೆರಗು ಬಾಯಿಗೆ ಒತ್ತಿಕೊಂಡು ನಗುವ ನಗು. ಕರಿಯಪ್ಪನವರು ಒಳಗೆ ತಿರುಗಿ ಗದರಿದರು. ಹೆಸರಿಟ್ಟವರು ಯಾರು, ನೀವೇ ಇದ್ದಿರಾ ಎಂದು ನಾನು ಬಿಡದೆ ಕೇಳಿದೆ. ಅವರು ದನ ಕಟ್ಟಬೇಕೆಂದು ಎದ್ದು ಹೋದರು. ನಡುಮಧ್ಯಾಹ್ನ ಯಾವ ದನ ಕಟ್ಟುತ್ತಾರೆ! ನನಗೆ ಏನೋ ಸರಿಯಿಲ್ಲ ಅನ್ನಿಸಿತು. ಸುಚಿತ್ರಾ ಮಾತ್ರ, ನಮ್ಮೂರಿನವರಿಗೆ ಫೋನು ಹಿಡಿದರೆ ನಾಚಿಕೆ ಎಂದು ನಗುತ್ತಲೇ ಮನೆಗೆ ಕರೆದುಕೊಂಡು ಬಂದಳು.

ಇಂದ್ರಮ್ಮನವರು ಅಕ್ಕಿ ರೊಟ್ಟಿ ತಟ್ಟುತ್ತಿದ್ದರು. ನಾನು ಅಲ್ಲಿಗೇ ಬಿಡಬೇಕಿತ್ತು. ಬಿಡಲಿಲ್ಲ. ಒಲೆಯ ಮುಂದೆ ಕೂತು, ಯಾರೂ ಸರಿಯಾಗಿ ಹೇಳುತ್ತಿಲ್ಲ, ನೀವಾದರೂ ಹೇಳಿ, ಇನ್ನೊಬ್ಬರನ್ನು ಕೇಳುತ್ತೇನೆ, ಊರನ್ನೆಲ್ಲ ಕೇಳಿಯಾದರೂ ನಿಮ್ಮ ಯಜಮಾನರ ಹೆಸರು ಅವರಿಗೆ ಕೊಡಿಸುತ್ತೇನೆ ಎಂದೆ. ಇಂದ್ರಮ್ಮನವರ ಕೈ ನಿಂತಿತು.

“ಊರ್ನೆಲ್ಲ ಕೇಳ್ಬ್ಯಾಡಿ” ಎಂದರು. “ಊರ್ಗೆಲ್ಲ ಗೊತ್ತೈತೆ. ಗೊತ್ತಿಲ್ದೇ ಇರೋಳು ಇವ್ಳೊಬ್ಳೇಯ.”

ಆಮೇಲೆ ಅವರು ಹೇಳಿದ್ದನ್ನು, ರೊಟ್ಟಿ ಸೀದ ವಾಸನೆಯ ನಡುವೆ, ನಾವಿಬ್ಬರೂ ಕೇಳಿದೆವು. ಮದುವೆಯಾದ ಹೊಸತರಲ್ಲಿ ಜವರಪ್ಪನವರು ಪಕ್ಕದ ಎಸ್ಟೇಟಿನಲ್ಲಿ ಆಳು. ಇಂದ್ರಮ್ಮ ಬಸುರಿ. ಹಲಸಿನ ಹಣ್ಣಿನ ಬಯಕೆ ಹತ್ತಿತು. ಇನ್ನೂ ಹಲಸಿನ ಕಾಲವಲ್ಲ, ಎಲ್ಲಿಯೂ ಹಣ್ಣಿಲ್ಲ. ಎಸ್ಟೇಟಿನ ಒಂದು ಮರ ಮಾತ್ರ ಪ್ರತಿ ವರ್ಷ ಮುಂಚೆಯೇ ಹಣ್ಣಾಗುತ್ತಿತ್ತು, ಆ ಹಣ್ಣು ಸಾಹುಕಾರರ ಮನೆಗೆ ಮೀಸಲು. ಬಸುರಿ ಬಯಕೆ ತೀರದಿದ್ದರೆ ಮಗುವಿಗೆ ಒಳ್ಳೆಯದಲ್ಲ ಎಂಬ ಹೆದರಿಕೆ. ಸಂಜೆ ಮಬ್ಬಿನಲ್ಲಿ ಬೇಲಿ ದಾಟಿ ಒಂದು ಹಣ್ಣು ಇಳಿಸಿದರು. ಮೇಸ್ತ್ರಿಯ ಕೈಗೆ ಸಿಕ್ಕಿಬಿದ್ದರು.

ಹೊಡೆದು ಬಿಟ್ಟಿದ್ದರೆ ಆಗಿಹೋಗುತ್ತಿತ್ತು. ಮಾರನೆಯ ದಿನ ಆ ಹಣ್ಣನ್ನು ಅವರ ತಲೆಯ ಮೇಲೇ ಹೊರಿಸಿ, ಎಸ್ಟೇಟಿನ ಗೇಟಿನಿಂದ ಊರ ಚಾವಡಿಯವರೆಗೆ ನಡೆಸಿಕೊಂಡು ಬಂದರು. ಮುಂದೆ ತಮಟೆ. ಹಣ್ಣು ಬಿರಿದು ಅದರ ರಸ ಮುಖದ ಮೇಲೆ ಇಳಿಯುತ್ತಿತ್ತಂತೆ, ಒರೆಸಿಕೊಳ್ಳಲು ಕೈ ಬಿಡುವ ಹಾಗಿಲ್ಲ. ಊರಿನವರು ಬಾಗಿಲಲ್ಲಿ ನಿಂತು ನೋಡಿದರು. ಇಂದ್ರಮ್ಮನೂ ನಿಂತಿದ್ದರು. ಅವತ್ತಿನಿಂದ ಅವರು ‘ಹಲಸಿನಣ್ಣು ಜವರ’. ಎಸ್ಟೇಟು ಬಿಟ್ಟು, ಆಲೂರಿನಲ್ಲಿ ಒಬ್ಬ ಮೆಕ್ಯಾನಿಕ್ ಹತ್ತಿರ ಪಂಪಿನ ಕೆಲಸ ಕಲಿತರು. ಮಗಳು ಮಾತು ಕಲಿಯುತ್ತಿದ್ದಂತೆ ಅವಳನ್ನು ಯಸಳೂರಿಗೆ ಕಳಿಸಿದರು. ಅಲ್ಲಿನ ಸ್ಕೂಲು ಚೆನ್ನಾಗಿದೆಯೆಂದಲ್ಲ, ಇಲ್ಲಿನ ಮಕ್ಕಳು ಅವಳನ್ನು ಏನೆಂದು ಕರೆಯುತ್ತಾರೋ ಎಂದು. ಎಷ್ಟೋ ವರ್ಷದ ಮೇಲೆ, ಸಂಜೆ ಮಬ್ಬಿನಲ್ಲಿ ಬೇಲಿ ದಾಟಿ ಹಲಸು ಕದ್ದು ಹೋಗುವ ಆನೆ ಬಂದಾಗ, ಯಾರೋ ಒಬ್ಬರು ‘ಜವರಪ್ಪ ಬಂದ’ ಎಂದುಬಿಟ್ಟರು. ಊರೆಲ್ಲ ಬಿದ್ದು ಬಿದ್ದು ನಕ್ಕಿತು. ಹೆಸರಾಯಿತು.

“ಹಣ್ಣು ಬೇಕು ಅಂದೋಳು ನಾನು. ಹೊಟ್ಟೇಲಿದ್ದೋಳು ನೀನು. ಹೊತ್ತೋರು ಅವ್ರು” ಎಂದು ಇಂದ್ರಮ್ಮ ಮಗಳಿಗೆ ಹೇಳಿದರು.

ಸುಚಿತ್ರಾಳ ಕಿವಿ ಕೆಂಪಾಗಿ, ಕುತ್ತಿಗೆಯವರೆಗೂ ಕೆಂಪಾಯಿತು. ಅವಳಿಗೆ ಏನು ನೆನಪಾಗುತ್ತಿತ್ತೋ ನನಗೂ ಅದೇ ನೆನಪಾಯಿತು. ಅವಳ ಪುಸ್ತಕ ಬಿಡುಗಡೆಯಾದಾಗ ಇದೇ ಊರಿನವರನ್ನು ಸಕಲೇಶಪುರಕ್ಕೆ ಕರೆಸಿ, ಅಪ್ಪನನ್ನು ಮುಂದೆ ಕೂರಿಸಿ, ಆ ಪ್ರಬಂಧವನ್ನು ಗಟ್ಟಿಯಾಗಿ ಓದಿದ್ದಳು. ಚೀಲ ಕೊಡವುವುದನ್ನು ಕೈಯಲ್ಲಿ ಮಾಡಿ ತೋರಿಸಿದ್ದಳು. ಹಳ್ಳಿಯಿಂದ ಬಂದವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು. ಎಂಥ ರಸಿಕರು ಎಂದು ನಾನೂ ಮೆಚ್ಚಿಕೊಂಡಿದ್ದೆ. ಈಗ ನೆನೆದರೆ ಮುಖ ಎಲ್ಲಿ ಇಟ್ಟುಕೊಳ್ಳಲಿ ಅನ್ನಿಸುತ್ತದೆ.

ಜವರಪ್ಪನವರು ಬಂದರು. ಕೈಕಾಲು ತೊಳೆದು ಒಳಗೆ ಬಂದು ಮೂವರ ಮುಖ ನೋಡಿದರು, ಹೆಂಡತಿ ಹೇಳಿಬಿಟ್ಟಿದ್ದಾಳೆಂದು ತಿಳಿಯಿತು. ತೆಳ್ಳಗಿನ ಆಳು, ಮಾತು ಕಡಿಮೆ. ಗೋಡೆಗೆ ಒರಗಿ ಕೂತರು. ಸುಚಿತ್ರಾ ಅವರ ಪಾದದ ಹತ್ತಿರ ಕೂತು, ಊರಿನವರನ್ನು ಬಾಯಿಗೆ ಬಂದಂತೆ ಬೈದಳು. ಆನೆಗೆ ಹೆಸರಿಟ್ಟು ನಿನ್ನನ್ನು ಇಷ್ಟು ವರ್ಷ ಹಂಗಿಸಿದರಲ್ಲ ಎಂದು ಅತ್ತಳು. ಅವಳು ಮುಗಿಸಿದ ಮೇಲೆ ಜವರಪ್ಪನವರು, ಹೆದರಿಸಬಾರದೆಂಬಂತೆ ಮೆಲ್ಲಗೆ ಹೇಳಿದರು.

“ಆನೆಯಿಂದ ನಂಗೇನೂ ಆಗ್ನಿಲ್ಲ ಕಣವ್ವ. ಮೊದ್ಲು ಉರೀತು, ಸುಳ್ಳಲ್ಲ. ಆಮ್ಯಾಕೆ ನೋಡುದ್ರೆ ಅದು ನನ್ನ ಹೆಸ್ರು ಹೊತ್ಕಂಡು ಹೋಗ್ಬುಟ್ಟಿತ್ತು. ಹೊಸಬ್ರು, ಹುಡುಗ್ರು, ಜವರಪ್ಪ ಅಂದ್ರೆ ಆನೆ ಅಂತ್ಲೇ ತಿಳ್ಕಂಡಿದ್ರು. ಎಲ್ಲಾರ ಹೋಗಿ ಹೆಸ್ರು ಹೇಳುದ್ರೆ, ಓಹೋ, ಆನೆ ಹೆಸ್ರು ಅಂತ ನಗೋರು. ಅದು ಒಳ್ಳೆ ನಗು. ಹಳೇದು ಯಾರ ಬಾಯಲ್ಲೂ ಇರ್ನಿಲ್ಲ.”

ಸುಚಿತ್ರಾ ತಲೆ ಎತ್ತಿದಳು.

“ಆನೆ ಹೆಸ್ರು ನಂಗೈತೆ ಅಂತ ಜನ ಅಂದ್ಕಂಡಿದ್ರು. ನನ್ನ ಹೆಸ್ರು ಆನೆಗೈತೆ ಅಂತ ನೀನು ಬರ್ದೆ” ಎಂದರು ಜವರಪ್ಪ. “ಅದ್ನ ಓದಿ, ಯಾಕಿಟ್ರು ಅಂತ ಕೇಳೋಕೆ ಶುರು ಮಾಡುದ್ರು. ಹೇಳೋರು ಇದ್ರಲ್ಲ.”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವರ ದನಿಯಲ್ಲಿ ಬೈಗುಳವೇ ಇರಲಿಲ್ಲ. ಇಷ್ಟು ದಿನ ಮಗಳಿಗೆ ಹೇಳದೆ ಇದ್ದದ್ದನ್ನು ಈಗ ಹೇಳಬೇಕಾಯಿತಲ್ಲ ಎಂದು ಅವರೇ ನಾಚಿಕೊಂಡವರ ಹಾಗೆ ಕಂಡರು. ನನಗಂತೂ ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಆನೆಗಿಂತ ಈ ಮನುಷ್ಯ ಮೊದಲು ಎಂದು ಲೋಕಕ್ಕೆಲ್ಲ ಸಾರಲು ನಾನು ಫೋನು ಹಿಡಿದುಕೊಂಡು ಊರೂರು ಅಲೆಯಲು ಹೊರಟವಳು. ಅದು ಇನ್ನೂ ರೆಕಾರ್ಡ್ ಮಾಡುತ್ತಿತ್ತು. ನಿಲ್ಲಿಸಿ, ಇದ್ದದ್ದನ್ನೆಲ್ಲ ಅಳಿಸಿದೆ.

ಮುಂದಿನ ಮುದ್ರಣದಲ್ಲಿ ಆ ಪ್ರಬಂಧ ಇರುವುದಿಲ್ಲ, ಪಠ್ಯದಿಂದಲೂ ತೆಗೆಯಲು ಪತ್ರ ಬರೆಯುತ್ತೇನೆ, ಕಾಲೇಜಿಗೂ ಬರುವುದಿಲ್ಲ ಎಂದು ಹೇಳುತ್ತೇನೆ ಎಂದಳು ಸುಚಿತ್ರಾ. ಜವರಪ್ಪನವರು ಮೊದಲ ಸಲ ಗಾಬರಿಯಾದರು.

“ತೆಗೀಬ್ಯಾಡ ಕಣವ್ವ. ತೆಗುದ್ರೆ ಯಾಕೆ ತೆಗುದ್ಲು ಅಂತ ಕೇಳ್ತಾರೆ. ಹೋಗ್ದೇ ಇದ್ರೆ ಯಾಕೆ ಬರ್ನಿಲ್ಲ ಅಂತ ಕೇಳ್ತಾರೆ. ನೀನು ಹೋಗು, ಓದು. ನಾನೂ ಬತ್ತೀನಿ.”

ಹಾಗಾದರೆ ಲೇಖನ ಏನು ಮಾಡಲಿ ಎಂದು ನಾನು ಕೇಳಿದೆ. ಕೇಳಬೇಕಾದದ್ದು ಈ ಪ್ರಶ್ನೆಯನ್ನು ಅಲ್ಲ ಎಂದು ಗೊತ್ತಿದ್ದರೂ ಬಾಯಿಗೆ ಬೇರೆ ಬರಲಿಲ್ಲ. ಅವರು ಸ್ವಲ್ಪ ಯೋಚಿಸಿ, ಹೆಸರು ಹಾಕದೆ ‘ಸುಚಿತ್ರನ ಅಪ್ಪ’ ಎಂದಷ್ಟೇ ಬರೆಯಲು ಆಗುತ್ತದೆಯೇ ಎಂದು ವಿಚಾರಿಸಿದರು. ಇಲ್ಲ, ಹೆಸರಿಲ್ಲದೆ ಆಗುವುದಿಲ್ಲ ಎಂದೆ. ಹಾಗಾದರೆ ಬೇಡ ಎಂದು ಊಟಕ್ಕೆ ಎದ್ದರು. ಯಾವ ಗುರುತನ್ನು ಅವಮಾನವೆಂದು ನಾನು ಅಷ್ಟು ಜಗಳವಾಡಿದ್ದೆನೋ, ಅವರಿಗೆ ಬೇಕಾಗಿದ್ದದ್ದು ಅದೊಂದೇ. ಅಪ್ಪ ಹಾಗೆ ಕೇಳಿದ್ದನ್ನು ಕೇಳಿ ಸುಚಿತ್ರಾ ಹಿತ್ತಲಿಗೆ ಹೋದವಳು, ನಾನು ಊಟ ಮುಗಿಸುವ ತನಕ ಒಳಗೆ ಬರಲಿಲ್ಲ.

ಮನೆಗೆ ಬಂದು ಕರಡನ್ನು ಅಳಿಸಿಹಾಕಿದೆ. ಸಾಕ್ಷಿ ಸಿಕ್ಕಿತೇ ಎಂದು ಮೈಸೂರಿನವರು ಕೇಳಿದರು. ಯಾರೂ ಏನೂ ಹೇಳಲಿಲ್ಲ, ಶೀರ್ಷಿಕೆ ಆನೆಗೇ ಇರಲಿ ಎಂದು ಬರೆದೆ. ಆ ಪುಟದಲ್ಲಿ ನಾನು ಬರೆದ ಸುಳ್ಳು ಅದೊಂದೇ. ಆನೆಯ ಲೇಖನದಲ್ಲಿರುವ ತಂದೆಯ ಸಾಲನ್ನೂ ತೆಗೆಯೋಣವೇ ಎಂದು ಮೆಲ್ಲಗೆ ಕೇಳಿ ನೋಡಿದೆ. ಅಚ್ಚಾದ ಪುಸ್ತಕದಲ್ಲಿ ಇರುವಾಗ ಯಾಕೆ ತೆಗೆಯಬೇಕು ಎಂದರು. ನಾನು ಚರ್ಚಾಪುಟ ಮುಚ್ಚಿದೆ.

ಕಾಲೇಜಿನ ಸಭಾಂಗಣ ತುಂಬಿತ್ತು. ಊರಿನವರೂ ಕೆಲವರು ಬಂದಿದ್ದರು, ಕರಿಯಪ್ಪನವರು ಹಿಂದಿನ ಸಾಲಿನಲ್ಲಿ ಕಂಡರು. ಬಿಳಿ ಅಂಗಿ, ಬಿಳಿ ಪಂಚೆಯ ಜವರಪ್ಪನವರಿಗೆ ಶಾಲು ಹೊದಿಸಿ, ಆನೆಗೆ ಹೆಸರು ಕೊಟ್ಟ ಮಹನೀಯರು ಎಂದು ಪರಿಚಯ ಮಾಡಿಸಿದರು. ಮಕ್ಕಳು ಹೋ ಎಂದರು. ಅವರು ಕೈ ಮುಗಿದು, ಬಂದು ಮುಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತರು.

ಸುಚಿತ್ರಾ ಓದತೊಡಗಿದಳು. ಚೀಲ ಕೊಡವುವ ಭಾಗ ಬಂದಾಗ ಮಕ್ಕಳು ನಕ್ಕರು, ನಗಬೇಕಾದ ಜಾಗವೇ ಅದು, ಹಾಗೆಂದೇ ಬರೆದದ್ದು. ಅವಳು ಪುಸ್ತಕದಿಂದ ಕಣ್ಣೆತ್ತದೆ ನಗು ನಿಲ್ಲುವ ತನಕ ಕಾದಳು. ಹಲಸಿನ ವಾಸನೆಗೆ ಎದ್ದು ಹೋಗುವುದನ್ನೂ ಓದಿದಳು, ಅಮ್ಮ ‘ಅವ್ರು ಬಂದವ್ರೆ’ ಎಂದು ಕೂಗುವುದನ್ನೂ ಓದಿದಳು. ಪ್ರತಿ ನಗುವೂ ನನ್ನ ಬೆನ್ನಿಗೆ ಬಂದು ತಗಲುತ್ತಿತ್ತು, ಪಕ್ಕಕ್ಕೆ ತಿರುಗಿ ನೋಡುವ ಧೈರ್ಯ ಬರಲಿಲ್ಲ. ಕೊನೆಯ ಸಾಲಿಗೆ ಬಂದಳು. ‘ಊರಿನವರಿಂದ ಇಷ್ಟು’ ಎಂದವಳು ನಿಂತುಬಿಟ್ಟಳು. ಮತ್ತೆ ‘ಇಷ್ಟು’ ಎಂದಳು. ಮುಂದಿನ ಪದ ‘ಪ್ರೀತಿ’, ಅದನ್ನು ಓದಲು ಅವಳಿಂದ ಆಗಲಿಲ್ಲ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಪ್ರಾಂಶುಪಾಲರು ಕುರ್ಚಿಯಿಂದ ಅರ್ಧ ಎದ್ದರು, ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು.

ಆಗ ನನ್ನ ಪಕ್ಕದಲ್ಲಿ ಜವರಪ್ಪನವರು ಚಪ್ಪಾಳೆ ತಟ್ಟಿದರು. ಪ್ರಬಂಧ ಮುಗಿದೇ ಹೋಯಿತೇನೋ ಎಂಬಂತೆ, ಎರಡೂ ಕೈ ಮೇಲೆತ್ತಿ, ಗಟ್ಟಿಯಾಗಿ ತಟ್ಟಿದರು. ಸಭೆಯೆಲ್ಲ ಅವರ ಹಿಂದೆ ತಟ್ಟತೊಡಗಿತು. ಮಗಳು ಯಾಕೆ ನಿಂತಳೆಂದು ಯಾರೂ ಕೇಳಲಿಲ್ಲ.